ಬೆನ್ನಿಗೆ ಬೆನ್ನು ಬಿಗಿದ ಚಾಸಿ

ಗೋವಾದ ಡಿಚೋಲಿಯಲ್ಲಿ ನಾನು ವೆಲ್ಡಿಂಗ್ ಹಚ್ಚಿದರೆ ಕಲಂಗುಟ್ಟಿನ ಬೀಚಿನ ಫಾರಿನ್ನಿನವರು ಸೂರ್ಯ ಹುಟ್ಟಿದನೆಂದು ಎದ್ದು ಕೂರುತ್ತಿದ್ದರು. ನಾನು ಬೆಸೆದದ್ದನ್ನು ಬಿಡಿಸಬೇಕಾದರೆ ದೇವರೇ ಗ್ಯಾಸ್ ಕಟರ್ ಹಿಡಿದು ಬರಬೇಕು. ಇಂಥ ಥಾವರಪ್ಪನಾದ ನನಗೂ ಎಂಬತ್ತೊಂಬತ್ತರ ಮಳೆಗಾಲದ ಕೊನೆಗೆ ಒಬ್ಬನ ಮುಂದೆ ಕೈಯೊಡ್ಡುವ ಪ್ರಸಂಗ ಬಂತು.

ಹುಸೇನಸಾಬನಿಗಿದ್ದದ್ದು ಒಂದೇ ಅದಿರಿನ ಲಾರಿ. ಅದರ ಭಾರ ಹೊರುವ ಅಡಿಚೌಕಟ್ಟು, ಚಾಸಿ, ಸೀಳಿತ್ತು. ಮಳೆ ನಿಂತು ಗಣಿ ತೆರೆಯುವ ದಿನ ಲಾರಿ ಸಾಲಿನಲ್ಲಿ ಇರದಿದ್ದರೆ ಅವನ ಪಾಳಿ ಹಿಂದೆ ನಿಂತವನಿಗೆ ಹೋಗುತ್ತಿತ್ತು. ಹಿಂದೆ ನಿಲ್ಲುವವನು ಲಾಡಸಾಬ. ಯಾರು ಮೊದಲು ಎಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ನೂರು ವರ್ಷವಾಗಿತ್ತು. ಲೆಕ್ಕ ಹಾಕಿದರೆ ಎರಡು ಮಳೆಗಾಲ.

ಚಾಸಿಯ ಹೊಸ ತೊಲೆಗಳಿಗೆ ಉದ್ದಕ್ಕೂ ಪಟ್ಟಿ ಬೆಸೆಯಬೇಕಿತ್ತು. ಬೆಸುಗೆ ಆರುವಾಗ ಕಬ್ಬಿಣವನ್ನು ತನ್ನತ್ತ ಎಳೆಯುತ್ತದೆ. ತೊಲೆ ಸೊಟ್ಟಾದರೆ ಲಾರಿ ಏಡಿಯಂತೆ ಅಡ್ಡಡ್ಡ ಓಡುತ್ತದೆ. ಮೊದಲು ಬೇಡದ ತುಂಡುಗಳ ಮೇಲೆ ನೋಡಿದೆ. ಗ್ಯಾಸ್ ಹಚ್ಚಿದರೆ ತುಂಡು ಬಾಳೆಹಣ್ಣಾಯಿತು. ಕರೆಂಟಿನ ರಾಡು ಹಿಡಿದು ಒಂದೇ ಉಸಿರಿಗೆ ಎಳೆದರೆ ಕುಡುಗೋಲಾಯಿತು. ಗೇಣು ಗೇಣು ಬಿಟ್ಟು ಬೆಸೆದಾಗ ಬಾಗು ತಗ್ಗಿತು, ಹೋಗಲಿಲ್ಲ. ಉಳಿದದ್ದು ಒಂದೇ ದಾರಿ: ಅಂಥದೇ ಇನ್ನೊಂದು ಜೊತೆ ತೊಲೆ ತಂದು, ಬೆನ್ನಿಗೆ ಬೆನ್ನು ಬಿಗಿದು, ಇತ್ತ ಒಂದು ಗೇಣು, ಅತ್ತ ಒಂದು ಗೇಣು ಬೆಸೆಯುವುದು. ಒಂದು ಬಾಗಲು ಹೊರಟರೆ ಇನ್ನೊಂದು ಬಿಡುವುದಿಲ್ಲ.

ಅಂಥ ತೊಲೆ ಇದ್ದದ್ದು ಲಾಡಸಾಬನ ಹತ್ತಿರ ಮಾತ್ರ. ಅವನ ಹಳೆಯ ಲಾರಿ ಇನ್ನೂ ಓಡುತ್ತಿತ್ತು; ಮುಂದಿನ ವರ್ಷಕ್ಕಿರಲಿ ಎಂದು ತಂದಿಟ್ಟಿದ್ದ. ಸುಮ್ಮನೆ ಕೂತರೂ ಸಾಕು, ಪಾಳಿ ಅವನದೇ. ಅವನ ಮುಂದೆ ಕೂತು ತೊಲೆ ಕೇಳಿದೆ, ನನ್ನ ಗುಣಗಾನ ನಾನೇ ಮಾಡಿಕೊಂಡೆ. ಅವನು ಬೀಡಿ ಮುಗಿಸಿದ.

"ನನ್ನ ಕಬ್ಬಣ ಸೊಟ್ಟ ಆದ್ರ?"

"ನನ್ನ ಮೀಸಿ ಬೋಳಸ್ರಿ."

"ನಿನ್ನ ಮೀಸಿ ಕಟಗೊಂಡು ಲಾರಿ ಹೊಡೀಲೇನು? ಒಯ್ಯಿ. ಅವ ಸಾಲಿನ್ಯಾಗ ಇರ್ಲಿಲ್ಲಂದ್ರ ನಾ ಯಾರ ಜೋಡಿ ಜಗಳ ಆಡ್ಲಿ?"

ಕ್ಲಾಂಪು ಬಿಗಿಯಲು ಇಬ್ಬರೂ ಬಂದರು, ಆಚೆಗೊಬ್ಬ, ಈಚೆಗೊಬ್ಬ, ಮುಖ ತಿರುಗಿಸಿಕೊಂಡು. ಮಧ್ಯದಿಂದ ಶುರು ಮಾಡಿ ತುದಿಯತ್ತ ಬೆಸೆದೆ. ಮುಗಿದದ್ದೇ ತಡ, ನೋಡುವ ಆತುರಕ್ಕೆ ಹುಸೇನಸಾಬ ಕ್ಲಾಂಪು ಬಿಚ್ಚಲು ಪಾನಾ ಎತ್ತಿದ. ಬಿಸಿಯಲ್ಲಿ ಬಿಚ್ಚಿದ್ದರೆ ಎಲ್ಲ ನೀರುಪಾಲು. ನಾನು ಕೂಗುವ ಮೊದಲೇ ಲಾಡಸಾಬ ಅವನ ಮಣಿಕಟ್ಟು ಹಿಡಿದ.

"ಆರಲಿ ತಡಿಯೋ ಹುಸೇನ್ಯಾ. ನಂದೂ ಐತಿ ಅದರಾಗ."

ಹುಸೇನಸಾಬ ಪಾನಾ ಕೆಳಗಿಟ್ಟ. ಇಬ್ಬರೂ ಕಬ್ಬಿಣ ಆರುವ ತನಕ ಅದರ ಪಕ್ಕದಲ್ಲೇ ಕೂತರು. ಬಿಚ್ಚಿ ದಾರ ಹಿಡಿದು ನೋಡಿದರೆ ನಾಲ್ಕೂ ತೊಲೆ ನೆಟ್ಟಗೆ. ಅಷ್ಟು ನೆಟ್ಟಗೆ ಅರಬ್ಬೀ ಸಮುದ್ರದ ಬಾನಂಚೂ ಇಲ್ಲ.

ಗಣಿ ತೆರೆದ ದಿನ ಹುಸೇನಸಾಬನ ಲಾರಿ ತನ್ನ ಜಾಗದಲ್ಲಿತ್ತು. ಅವನ ಹೆಂಡತಿ ಖಾತುನ ನನಗೆ ಡಿಚೋಲಿ ಇಡೀ ಉಣ್ಣುವಷ್ಟು ಬಿರಿಯಾನಿ ಕಳಿಸಿದಳು. ಇದರ ಮೊದಲ ತುತ್ತು ಯಾರಿಗೆ ಸಲ್ಲಬೇಕೆಂದು ನನಗೆ ಗೊತ್ತಿತ್ತು. ಡಬ್ಬಿ ಹೊತ್ತು ಲಾಡಸಾಬನ ಮನೆಗೆ ಹೋದೆ. ಅಲ್ಲಿ ಹುಸೇನಸಾಬ ಆಗಲೇ ತಟ್ಟೆ ಮುಂದಿಟ್ಟುಕೊಂಡು, ಕ್ಲಾಂಪು ಹೆಚ್ಚು ಬಿಗಿದವನು ತಾನೇ ಎಂದು ವಾದಿಸುತ್ತಿದ್ದ. ಎಲ್ಲವೂ ನನ್ನ ಕೈಚಳಕ ಎನ್ನಲು ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಲಾಡಸಾಬ ತುತ್ತು ತುರುಕಿದ.