ಕೂತು ಹೇಳಿದ ಮಾತು

ಪ್ಲೇಗಿನ ಮಾರಿ ಬಂದುಹೋದ ಮರುವರ್ಷ ನನ್ನ ಮದುವೆಯಾಯಿತು. ಗೌರಸಮುದ್ರದ ನನ್ನ ಮಾವ ಯರ್ರಪ್ಪನವರು ಎರಡು ಟಗರು ಕೊಟ್ಟು ಚಳ್ಳಕೆರೆ ಸಂತೆಯಿಂದ ಒಂದು ಕರಿ ಕಂಬಳಿ ತಂದು, ಚಪ್ಪರದಲ್ಲಿ ಎಲ್ಲರೆದುರಿಗೆ ನನ್ನಪ್ಪ ಜಂಪಣ್ಣನಿಗೆ ಹೊದಿಸಿದರು. ಆ ಎರಡು ಟಗರಿನ ಸುದ್ದಿಯನ್ನು ಅತ್ತೆ ಕರಿಯಕ್ಕ ಊರೂರಿಗೆ ಹಂಚಿದಳು.

ಕಂಬಳಿ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಮೊದಲ ಮಳೆಗೇ ಅದರ ಬಣ್ಣ ಬಯಲಾಯಿತು. ಗಟ್ಟಿತನವೆಲ್ಲ ನೇಯುವಾಗ ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿಯದು. ಗಂಜಿ ಕರಗಿ ಲೋಳೆಯಾಗಿ ಇಳಿದ ಮೇಲೆ ಉಳಿದದ್ದು ಬರೀ ಜರಡಿ. ಅಪ್ಪ ಕುರಿ ಕಾಯುವವನು, ಮಳೆ ಬಂದರೆ ಅಡವಿಯಲ್ಲೇ ನಿಲ್ಲಬೇಕು. ಅವನಿಗೆ ಜ್ವರ ಹಿಡಿಯಿತೆಂದು ಕೇಳಿ ನಾನು ತವರೂರು ನನ್ನಿವಾಳಕ್ಕೆ ಓಡಿಬಂದೆ. ಆಗಲೂ ಅದನ್ನೇ ಹೊದ್ದು ಮಲಗಿದ್ದ.

"ಹಳೇ ಕಂಬ್ಳಿ ಐತಲ್ಲಪ್ಪ, ಅದನ್ನ ಹೊದ್ಕಾ" ಅಂದೆ.

"ಬೀಗರ ಕಿವಿಗೆ ಬಿದ್ರೆ ನಿನ್ನ ಬಾಳು ಏನಾಗ್ಬೇಕು? ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರ್ದು ಕಣವ್ವ."

ನನಗೆ ಸಿಟ್ಟು ಬಂದದ್ದು ಕಂಬಳಿಯ ಮೇಲಲ್ಲ, ಆ ಮರ್ಯಾದೆಯ ಮೇಲೆ.

ವಾರದ ನಂತರ ಅತ್ತೆ ಮಾವ ಗಾಡಿ ಕಟ್ಟಿಕೊಂಡು ನನ್ನನ್ನು ಕರೆದೊಯ್ಯಲು ಬಂದರು. ನಮ್ಮಲ್ಲಿ ಹಿರಿಯರ ಮಾತುಕತೆಗೆ ಕಂಬಳಿ ಹಾಸುತ್ತಾರೆ. ಅದು ಗದ್ದುಗೆಯಿದ್ದಂತೆ, ಅದರ ಮೇಲೆ ಕೂತವರು ಸುಳ್ಳಾಡುವಂತಿಲ್ಲ. ಅಪ್ಪ ಬೀಗರ ಕಂಬಳಿಯನ್ನೇ ಹಾಸಿ ಕೂತು ಅವರನ್ನು ಕರೆದ; ಅವರಿನ್ನೂ ಅಂಗಳದಲ್ಲೇ ನಿಂತಿದ್ದರು.

ಅಕ್ಕಪಕ್ಕದವರಿಗೂ ಕೇಳಲೆಂದು ಅತ್ತೆ ದನಿ ಎತ್ತಿದಳು. "ಏನ್ರಿ ಬೀಗ್ರೆ, ನಮ್ ಕಂಬ್ಳಿ ಹೆಂಗೈತೆ?"

ಅಪ್ಪ ಮೊಣಕಾಲು ಹಿಡಿದು ಎದ್ದು, ಕಂಬಳಿಯಿಂದಾಚೆ ಬರಿ ನೆಲದ ಮೇಲೆ ಹೋಗಿ ನಿಂತ. ಆಮೇಲೆ "ಚೆನ್ನಾಗೈತೆ ಕಣವ್ವ" ಅಂದ.

ಸುಳ್ಳು ಹೇಳಲು ಇಳಿದು ನಿಂತ ಅವನನ್ನು ನೋಡಿ ನನ್ನ ಮೈ ಉರಿಯಿತು. ಸೊಸೆಯಾದವಳು ಅತ್ತೆ ಮಾವನೆದುರು ಕೂರಬಾರದು. ನಾನು ಹೋಗಿ ಕಂಬಳಿಯ ನಟ್ಟನಡುವೆ ಕೂತೆ.

"ನಾನು ಕೂತೇ ಹೇಳ್ತೀನಿ ಅತ್ತೆ. ಇದು ಕಂಬ್ಳಿ ಅಲ್ಲ, ಗಂಜಿ. ಇದನ್ನ ಹೊದ್ದು ನೆನೆದೇ ನಮ್ಮಪ್ಪಗೆ ಜ್ವರ ಬಂದಿದ್ದು."

"ಏಳೇ ಮ್ಯಾಲೆ. ಎರಡು ಟಗರು ಕೊಟ್ಟು ತಂದಿದ್ದು." ಅತ್ತೆ ಮಾವನ ಕಡೆ ತಿರುಗಿದಳು. "ನೀವಾದ್ರೂ ಹೇಳ್ರಿ."

ಮಾವ ಕಾಲಿನ ಕೆರ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು.

"ಟಗರು ಕೊಟ್ಟಿದ್ದು ನಿಜ. ಸಂತೆಯಿಂದ ಬರೋವಾಗ್ಲೇ ನಾಕು ಹನಿ ಬಿದ್ದು ಕೈಗೆ ಲೋಳೆ ಅಂಟ್ತು. ಮೋಸ ಹೋದೆ ಅಂತ ಹೇಳಾಕೆ ನಾಚಿಕೆ ಆತು."

ಕೊಟ್ಟವರಿಗೂ ಗೊತ್ತಿತ್ತು, ಇಸಕೊಂಡವರಿಗೂ ಗೊತ್ತಿತ್ತು. ಇಬ್ಬರ ಮರ್ಯಾದೆಯ ನಡುವೆ ನೆನೆದದ್ದು ನನ್ನಪ್ಪನ ಬೆನ್ನು.

"ಏಳ್ರಿ ಇಬ್ರೂ, ಜನ ನೋಡ್ತಾರೆ" ಅಂದಳು ಅತ್ತೆ. ನಾವು ಏಳಲಿಲ್ಲ. ಮಾವ ತಮ್ಮ ಹೆಗಲ ಮೇಲಿದ್ದ ಕಂಬಳಿ ತೆಗೆದು ಅಪ್ಪನ ಕಡೆ ಚಾಚಿದರು. ಅಪ್ಪ ಬೇಡವೆಂದು ಕೈಯಾಡಿಸಿದ.

"ತಗಾ ಅಪ್ಪ" ಅಂದೆ. "ಆದ್ರೆ ನೀರು ಹಾಕಿ ನೋಡಿ ತಗಾ."

ಒಂದು ತಂಬಿಗೆ ನೀರು ತರಲು ಮಾವನೇ ಹೇಳಿದರು.