ನಡುವಿನ ಖಾನೆ

ಮಗುವಿನ ಜನನ ನೋಂದಣಿಯ ಅರ್ಜಿಯಲ್ಲಿ ಹೆಸರಿಗೆ ಮೂರು ಖಾನೆಗಳಿದ್ದವು. ಮೊದಲನೆಯದು ತುಂಬಿತ್ತು. ಎರಡಕ್ಷರದ, ಕರೆಯಲು ಹಗುರವಾದ ಹೆಸರು. ಗಂಡ ಹೆಂಡತಿ ಜಗಳವಿಲ್ಲದೆ ಒಪ್ಪಿಕೊಂಡದ್ದು. ಮೂರನೆಯದು ಗಂಡನ ಮನೆತನದ ಹೆಸರು, ಅಲ್ಲಿ ಆಯ್ಕೆಯ ಮಾತೇ ಇರಲಿಲ್ಲ. ನಡುವಿನದು ಮಾತ್ರ ಹನ್ನೊಂದು ದಿನದಿಂದ ಖಾಲಿ ಬಿದ್ದಿತ್ತು. ಅರ್ಜಿ ಕೊಡಲು ಅಂದೇ ಕೊನೆಯ ದಿನ, ಕಚೇರಿಯ ಕಿಟಕಿ ನಾಲ್ಕು ಗಂಟೆಗೆ ಮುಚ್ಚುತ್ತದೆ. ಆಗಲೇ ಎರಡು ಗಂಟೆ.

ಊಟದ ಮೇಜಿನ ಸುತ್ತ ಮೂವರು ಕೂತಿದ್ದರು: ಮಗಳು, ಅಳಿಯ, ಮತ್ತು ಬಿಸ್ಕತ್ತು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಒಲೆ ನೋಡಿಕೊಂಡು ನಿವೃತ್ತರಾದ ಮೇಸ್ತ್ರಿ. ನಾಲ್ಕನೆಯವನು ಮಗಳ ತೊಡೆಯ ಮೇಲೆ, ತನಗೂ ಈ ಗಲಾಟೆಗೂ ಸಂಬಂಧವೇ ಇಲ್ಲವೆಂಬಂತೆ ನಿದ್ದೆ ಹೋಗಿದ್ದ.

ಅಳಿಯ ಔಷಧಿ ಅಂಗಡಿಯವನು. ಹೆಸರುಗಳನ್ನು ಚೀಟಿಯಲ್ಲಿ ಪಟ್ಟಿ ಮಾಡಿ ತಂದಿದ್ದ. ಮಗಳು ಒಂದೊಂದನ್ನೂ ಮೊದಲ ಹೆಸರಿಗೆ ಸೇರಿಸಿ ಗಟ್ಟಿಯಾಗಿ ಕೂಗಿ ನೋಡಿ, ಹೊಡೆದು ಹಾಕುತ್ತಿದ್ದಳು.

“ಇದು ಬೇಡ. ಕೂಗಿ ಮುಗಿಸೋಷ್ಟರಲ್ಲಿ ಮಗು ರಸ್ತೆ ದಾಟಿರತ್ತೆ.”

“ಮುಂದಿನದು ನೋಡು, ಚಿಕ್ಕದಾಗಿದೆ.”

“ಕೆಮ್ಮಿನ ಔಷಧಿ ಇದ್ದ ಹಾಗಿದೆ. ದಿನಕ್ಕೆ ಮೂರು ಸಲ ಊಟ ಆದ್ಮೇಲೆ ಕರೀಬೇಕಾ?”

ಅಳಿಯ ಪೆನ್ನು ಕೆಳಗಿಟ್ಟ. “ನೀವಾದ್ರೂ ಹೇಳಿ ಮಾವ. ಇಡೀ ಅಂಗಡಿ ತೆಗೆದು ತೋರಿಸಿದ್ರೂ ನಿಮ್ಮ ಮಗಳಿಗೆ ಹಿಡಿಸಲ್ಲ.”

“ಅಪ್ಪ ಹೇಳೋದೇನಿದೆ? ನಾನು ಆಗಲೇ ನಿರ್ಧಾರ ಮಾಡಿದೀನಿ. ನಿಮ್ಮ ಪಟ್ಟಿ ಮುಗೀಲಿ ಅಂತ ಕಾಯ್ತಿದ್ದೆ,” ಅಂದಳು ಮಗಳು. “ಅಪ್ಪನ ನಡುವಿನ ಹೆಸರೇ ಇಡೋಣ. ಮುತ್ತಾತಂದು.”

ಮೂರನ್ನೂ ಸೇರಿಸಿ ಒಂದೇ ಉಸಿರಿಗೆ ಕೂಗಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಅಳಿಯ ತಲೆದೂಗಿದ. ಮೇಸ್ತ್ರಿ ಮಾತ್ರ ಅರ್ಜಿಯ ಮೇಲೆ ಕೈ ಅಡ್ಡ ಇಟ್ಟರು.

ಏಕೆಂದರೆ ಆ ಹೆಸರು ಮುತ್ತಾತನದಲ್ಲ.

ನಲವತ್ತೆಂಟು ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ಬೆಳಿಗ್ಗೆ ಆರಕ್ಕೆ ಹದಿನೈದು ನಿಮಿಷ ಇರುವಾಗ, ಇಪ್ಪತ್ಮೂರು ವರ್ಷದ ಮೇಸ್ತ್ರಿ ಕಾರ್ಖಾನೆಯ ಹಾಜರಿ ಕಿಟಕಿಯ ಮುಂದೆ ನಿಂತಿದ್ದರು. ಬಿಸಿ ಬೆಣ್ಣೆಯ, ಸೀದ ಸಕ್ಕರೆಯ ವಾಸನೆ ಅಂಗಳದವರೆಗೂ ಬರುತ್ತಿತ್ತು. ಗುಮಾಸ್ತ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ.

“ನಿಮ್ಮದೇ ಹೆಸರಿನವರು ಇಬ್ಬರು ಆಗಲೇ ಇದ್ದಾರೆ. ಒಬ್ಬ ಹಿಟ್ಟು ಕಲಸೋನು, ಇನ್ನೊಬ್ಬ ಪ್ಯಾಕಿಂಗು. ಕೊನೇ ಹೆಸರೂ ಒಂದೇ. ನಡುವೆ ಏನಾದ್ರೂ ಇದೆಯೇನ್ರಿ?”

“ಇಲ್ಲ ಸಾರ್.”

“ಇಲ್ಲ ಅಂದ್ರೆ ಹೇಗೆ? ನೀವು ಬೆವರು ಸುರಿಸಿ ಹಾಜರಿ ಅವನಿಗೆ ಬಿದ್ರೆ ಬಂದು ನನ್ನ ತಲೆ ತಿಂತೀರಿ. ಬೇಗ ಹೇಳಿ, ಹಿಂದೆ ನಲವತ್ತು ಜನ ನಿಂತಿದ್ದಾರೆ.”

ಬಾಗಿಲ ಪಕ್ಕ ಹಿಟ್ಟಿನ ಚೀಲಗಳನ್ನು ಪೇರಿಸಿಟ್ಟಿದ್ದರು. ಪ್ರತಿ ಚೀಲದ ಮೇಲೂ ನೀಲಿ ಶಾಯಿಯಲ್ಲಿ ಹಿಟ್ಟಿನ ಗಿರಣಿಯ ಮಾಲೀಕನ ಪೂರ್ತಿ ಹೆಸರು. ಅದರಲ್ಲಿ ನಡುವಿನದು ಬಾಯಿಗೆ ಬಂತು. ಗುಮಾಸ್ತ ಬರೆದುಕೊಂಡ. ಗಂಟೆ ಹೊಡೆಯಿತು.

ಇಬ್ಬರು ಸಮನಾಮಿಗಳಿದ್ದುದರಿಂದ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಕರೆದದ್ದು ಆ ಹೆಸರಿನಿಂದಲೇ. ಬಿಸ್ಕತ್ತಿನ ಬಣ್ಣ ಕೆಟ್ಟರೆ, ಅದನ್ನು ಸಾಗಿಸುವ ಬೆಲ್ಟು ಸಿಕ್ಕಿಕೊಂಡರೆ, ಒಲೆಯ ಮೊರೆತವನ್ನು ಮೀರಿ ಆ ಕೂಗು ಬರುತ್ತಿತ್ತು. ಸಂಜೆ ಗೇಟಿನ ಹೊರಗೆ ಅಮ್ಮನ ಕೈಹಿಡಿದು ನಿಂತ ಮಗಳಿಗೂ ಕೇಳಿಸುತ್ತಿತ್ತು. ಯಾರೋ ಅಪ್ಪನಿಗೆ “ನಾಳೆ ಬೇಗ ಬಾರೋ” ಎಂದು ಹೆಸರು ಹಿಡಿದು ಕೂಗಿದರೆ ಓಡಿ ಹೋಗಿ ಅಂಗಿಗೆ ಮುಖ ಒತ್ತುತ್ತಿದ್ದಳು. ಅಂಗಿಯೆಲ್ಲ ವೆನಿಲಾ. ಜೇಬಿನ ಪೊಟ್ಟಣದಲ್ಲಿ ಒಡೆದ ಬಿಸ್ಕತ್ತು.

ಮದುವೆಯ ಮಾತು ನಡೆದಾಗ ಭಾವೀ ಮಾವ ಕಾರ್ಖಾನೆಯ ಗುರುತಿನ ಚೀಟಿಯನ್ನು ತಿರುಗಿಸಿ ನೋಡಿ, “ನಡುವೆ ಇರೋದು ಯಾರ ಹೆಸರು?” ಎಂದಿದ್ದರು. ಚೀಲದ ಮೇಲಿನದು ಎನ್ನಲು ನಾಚಿಕೆಯಾಗಿ, “ನಮ್ಮ ತಾತನ ಹೆಸರು” ಎಂದುಬಿಟ್ಟರು. ಮೂರೇ ಪದ. ಹೆಂಡತಿ ಅದರ ಮೇಲೆ ಮಹಡಿ ಕಟ್ಟಿದಳು. ಆ ತಾತನಿಗೆ ಒಂದು ಬಿಳಿ ಕುದುರೆ. ತುಂಬಿದ ಹೊಳೆಯಲ್ಲಿ ಯಾರದೋ ಹಸುಗೂಸನ್ನು ತಲೆಯ ಮೇಲೆ ಹೊತ್ತು ದಾಟಿಸಿದವನು. ಮಗಳು ಮಲಗುವ ಮುನ್ನ ದಿನಕ್ಕೊಂದು ಕಥೆ. ಹೆಂಡತಿ ತೀರಿಕೊಂಡು ಆರು ವರ್ಷ. ಮಗಳ ಬಳಿ ಉಳಿದದ್ದು ಆ ಕಥೆಗಳು.

ಬಾಯಿ ಬಿಟ್ಟರೆ ಅವನ್ನೂ ಕಿತ್ತುಕೊಂಡಂತೆ. ಸುಮ್ಮನಿದ್ದರೆ ಮೊಮ್ಮಗನ ಹೆಸರಿನಲ್ಲಿ ಸುಳ್ಳು ಅಚ್ಚಾಗುತ್ತದೆ, ಅವನು ಸಾಯುವತನಕ.

“ಅದು ಬೇಡ ಪುಟ್ಟಿ. ಹಳೇ ಕಾಲದ್ದು,” ಅಂದರು.

“ಹಳೇದು ಅಂತಲೇ ಇಡ್ತಿರೋದು.” ಮಗಳು ಪೆನ್ನಿನ ಮುಚ್ಚಳ ತೆಗೆದಳು.

“ಅದು ನಮ್ಮ ತಾತನ ಹೆಸರಲ್ಲ ಕಣೇ. ಹಿಟ್ಟಿನ ಚೀಲದ ಮೇಲೆ ಇದ್ದದ್ದು.”

ಮೇಸ್ತ್ರಿ ಎಲ್ಲವನ್ನೂ ಹೇಳಿದರು. ಅಳಿಯ ಗೊಳ್ಳೆಂದು ನಕ್ಕ. ಹೆಂಡತಿಯ ಮುಖ ನೋಡಿ ನಗು ನುಂಗಿದ.

“ಬಿಳಿ ಕುದುರೆ?” ಅಂದಳು ಮಗಳು.

“ನನಗೆ ಗೊತ್ತಿಲ್ಲ.”

“ಹೊಳೆ ದಾಟಿಸಿದ್ದು?”

“ಅದೂ ಗೊತ್ತಿಲ್ಲ. ನಾನು ಹೇಳಿದ್ದು ಮೂರೇ ಪದ. ಮಿಕ್ಕಿದ್ದೆಲ್ಲ ನಿಮ್ಮಮ್ಮಂದು.”

“ಹಾಗಾದ್ರೆ ನಿಜವಾದ ಮುತ್ತಾತ?”

“ಹಗ್ಗ ಹೊಸೀತಿದ್ರಂತೆ. ಅವರ ಹತ್ರ ಕುದುರೆ ಇರಲಿಲ್ಲ, ಬೇರೆಯವರ ಕುದುರೆ ಕಟ್ಟೋ ಹಗ್ಗ ಇತ್ತು.” ನಿಜವಾದ ಹೆಸರನ್ನೂ ಹೇಳಿದರು. ಆರಕ್ಷರ. ಮಗಳು ಮೊದಲ ಹೆಸರಿಗೆ ಸೇರಿಸಿ ಕೂಗಿದಳು. ಮಗು ನಿದ್ದೆಯಲ್ಲೇ ಮುಖ ಕಿವುಚಿತು. ಯಾರೂ ನಗಲಿಲ್ಲ.

ಮೇಸ್ತ್ರಿ ಮೇಜಿನ ಮೇಲೆ ಇಲ್ಲದ ಬಿಸ್ಕತ್ತಿನ ಪುಡಿಯನ್ನು ಅಂಗೈಯಿಂದ ಗುಡಿಸುತ್ತ ಕೂತರು.

“ಅಪ್ಪಾ, ಆ ತಾತ ಹೇಗಿದ್ರು, ಏನ್ಮಾಡ್ತಿದ್ರು ಅಂತ ಅಮ್ಮ ನಿನ್ನ ಯಾವತ್ತಾದ್ರೂ ಕೇಳಿದ್ಲಾ?”

ಅವರು ಯೋಚಿಸಿದರು. ಮೂವತ್ತೈದು ವರ್ಷದ ಸಂಸಾರ. ಮಾರುಕಟ್ಟೆಯಲ್ಲಿ ಸೋರೆಕಾಯಿಯನ್ನೂ ಎಲ್ಲಿಯದು, ಯಾವಾಗ ಕೊಯ್ದದ್ದು ಎಂದು ವಿಚಾರಿಸದೆ ಮುಟ್ಟದ ಹೆಂಗಸು.

“ಇಲ್ಲ,” ಅಂದರು ನಿಧಾನವಾಗಿ. “ಒಂದು ಸಲಾನೂ ಕೇಳಲಿಲ್ಲ.”

“ನಂಬಿದ್ದಿದ್ರೆ ಕೇಳ್ತಿದ್ಲು.” ಮಗಳ ಕಣ್ಣು ತುಂಬಿತ್ತು, ಬಾಯಲ್ಲಿ ನಗು. “ಅಂದ್ರೆ ಹೆಸರು ನೀನು ತಂದ್ಕೊಟ್ಟೆ, ಮನುಷ್ಯನ್ನ ಅಮ್ಮ ಮಾಡಿದ್ಲು. ನಿಮ್ಮಿಬ್ಬರದ್ದೂ ಸೇರಿರೋ ಹೆಸರು ಬೇರೆ ಯಾವುದಿದೆ ನನ್ನ ಹತ್ರ?”

ನಡುವಿನ ಖಾನೆಯಲ್ಲಿ ಬರೆದಳು, ಒಂದೊಂದೇ ಅಕ್ಷರ ಬಿಡಿಸಿ.

“ಮಗುವಿಗೆ ಸುಳ್ಳು ಕಟ್ಟಿದ ಹಾಗಾಗಲ್ವೇನೆ?”

“ಅವನು ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎಲ್ಲಿ ಸುಳ್ಳು? ನೀನೇ ಹೇಳ್ಬೇಕು. ಕುದುರೆ ಕಥೆ ನಾನು ಹೇಳ್ಕೋತೀನಿ.”

ಅಳಿಯ ಅರ್ಜಿಯನ್ನು ಮಡಿಸದೆ ಕಡತದೊಳಗಿಟ್ಟುಕೊಂಡು ಚಪ್ಪಲಿ ಹುಡುಕಿದ. ಮೇಸ್ತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಯಾರ ಹೆಸರಿದು ಎಂದು ಕೇಳುವಷ್ಟಾಗಲು ಕಡಿಮೆಯೆಂದರೂ ಐದು ವರ್ಷ. ತಮಗಾಗ ಎಪ್ಪತ್ತಾರು.

“ಇನ್ನೂ ಐದು ವರ್ಷ ಬೇಕಲ್ಲೇ ಅವನು ಕೇಳೋಕೆ.”

“ಇರು,” ಅಂದಳು ಮಗಳು, ಮಗುವನ್ನು ಅವರ ಮಡಿಲಿಗೆ ದಾಟಿಸುತ್ತ. “ಎಲ್ಲಿಗೆ ಹೋಗ್ಬೇಕಾಗಿದೆ ನಿನಗೆ?”