ಕಂಡಿ ಮುಚ್ಚಿದ ಸಂಜೆ

ಹುಲ್ಲು ಇಲ್ಲೂ ಒಣಗಿದೆ, ಗುಡ್ಡದ ಮೈಮೇಲೆಲ್ಲ ಅದೇ ಬಣ್ಣ, ಕಣದಲ್ಲಿ ತೂರಿದ ಹೊಟ್ಟಿನ ಬಣ್ಣ, ಅಕ್ಟೋಬರ್ ಅಂದರೆ ಈ ಕಡೆ ಹೀಗೇ, ಬಲಕ್ಕೆ ಸಮುದ್ರ, ಎಡಕ್ಕೆ ಒಣಹುಲ್ಲು, ನಡುವೆ ಎಂಟು ಸಾಲು ಕಾರು — ಕಣ್ಣು ಅರ್ಧ ಮುಚ್ಚಿದರೆ ಕಾರಿಲ್ಲ, ಹುಲ್ಲಷ್ಟೇ, ಹುಲ್ಲಿನಾಚೆ ಕೊಡೆ ಬಿಚ್ಚಿದ ಜಾಲಿಮರ, ಮರದಾಚೆಯಿಂದ ಅವು ಬರುತ್ತವೆ, ಅಷ್ಟು ದೊಡ್ಡ ಮೈಗೆ ಸಪ್ಪಳವೇ ಇಲ್ಲ ಎಂಬುದನ್ನು ಇವತ್ತಿಗೂ ನಂಬಲಾಗುವುದಿಲ್ಲ, ಮುಂದೆ ಕಿವಿ ಹರಿದ ಮುದಿ ಹೆಣ್ಣಾನೆ, ಸೊಂಡಿಲ ತುದಿ ನೆಲವನ್ನು ಮೂಸುತ್ತ — ಅಪ್ಪಾ, ಯು ಓಕೆ? ಸಂಹಿತಾ ಕೇಳುತ್ತಾಳೆ, ಕಣ್ಣು ರಸ್ತೆಯ ಮೇಲೇ. ಹೂಂ ಮಗಾ, ಹುಲ್ಲು ನೋಡಾಕತ್ತೀನಿ. ಇಟ್ಸ್ ಜಸ್ಟ್ ಡೆಡ್ ಗ್ರಾಸ್, ಅಪ್ಪಾ. ಸತ್ತಿಲ್ಲವ್ವ ಅದು, ಒಣಗೇತಿ ಅಷ್ಟ, ಬುಡದಾಗ ಜೀವ ಇರ್ತೈತಿ. ನಗುತ್ತಾಳೆ, ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಕಣ್ಣಿನ ಆಪರೇಷನ್ ಆಗಿ ಹತ್ತು ದಿನ, ಡ್ರೈವ್ ಮಾಡುವಂತಿಲ್ಲ, ಅದಕ್ಕೇ ಇವಳು ರೆಡೊಂಡೊ ಬೀಚಿನಿಂದ ಸ್ಯಾನ್ ಡಿಯಾಗೊವರೆಗೆ ನನ್ನನ್ನು ಹೊತ್ತುಕೊಂಡು ಹೊರಟಿದ್ದಾಳೆ, ಶನಿವಾರದ ನಿದ್ದೆ ಬಿಟ್ಟು, ಒಂಬತ್ತಕ್ಕೆ ಸರಿಯಾಗಿ ಸಭೆ, ಅಲ್ಲಿ ಕೀನ್ಯಾದಲ್ಲಿ ಆಗ ಸಂಜೆ ಏಳು, ಅಲ್ಲಿಯ ದನಗಾಹಿಗಳ ಹಿರಿಯರು ಪರದೆಯ ಮೇಲೆ ಬರುತ್ತಾರೆ. ಇವಳಿಗೆ ಈಗಲೇ ಹೇಳಿಬಿಡಲೇ, ಮಗಾ, ನಿಮ್ಮಪ್ಪ ಒಂದು ಸುಳ್ಳು ಗುರುತು ಹಾಕ್ಯಾನ ಅಂತ. ಬಾಯಿ ಒಣಗುತ್ತದೆ. ಬಾಟಲಿ ತೆಗೆದು ನೀರು ಕುಡಿಯುತ್ತೇನೆ. ಎಷ್ಟು ಸುಲಭ ಇಲ್ಲಿ ನೀರು ಕುಡಿಯುವುದು.

ಅಲ್ಲಿ ನೀರು ಮರಳಿನ ಕೆಳಗೆ. ಒಣಗಿದ ಹೊಳೆ, ಹೊಳೆಯ ಒಡಲಲ್ಲಿ ಮೂರಾಳು ಆಳದ ಬಾವಿ, ಒಬ್ಬರ ಮೇಲೊಬ್ಬರು ಮೆಟ್ಟಿಲಂತೆ ನಿಂತು ಬಕೆಟ್ಟು ಮೇಲಕ್ಕೆ ದಾಟಿಸುತ್ತ ಹಾಡುತ್ತಾರೆ, ಒಂದೊಂದು ಮನೆತನಕ್ಕೂ ಒಂದೊಂದು ಹಾಡು, ಆ ಹಾಡು ಕೇಳಿದ ಹಸುಗಳು ಮುನ್ನೂರು ದನದ ನಡುವಿನಿಂದ ಬೇರ್ಪಟ್ಟು ತಮ್ಮ ಬಾವಿಗೇ ಬರುತ್ತವೆ, ಮೊದಲ ದಿನ ನಾನು ಬಾಯಿ ತೆರೆದು ನಿಂತುಬಿಟ್ಟೆ, ಅವ್ವ ಎಮ್ಮೆಯ ಹತ್ತಿರ ಮಾತಾಡುತ್ತಿದ್ದಳು ನಿಜ, ಆದರೆ ಹೀಗೆ, ಇಡೀ ಹೊಳೆಯೇ ಹಾಡಾಗಿ, ಕೊರಳ ಗಂಟೆಗಳು, ಧೂಳು, ಧೂಳಿನೊಳಗೆ ಬಿಸಿಲು. ಎರಡು ಸಾವಿರದ ಹದಿನೇಳು, ಜುಲೈ. ಅದರ ಹಿಂದಿನ ವರ್ಷ ರಿಟೈರ್ ಆಗಿದ್ದೆ, ಇಪ್ಪತ್ತೆಂಟು ವರ್ಷ ವಿಮಾನದ ಬಿಡಿಭಾಗ ಅಳೆದು, ಅಳತೆ ತಪ್ಪಿದ ತುಂಡಿಗೆ ಕೆಂಪು ಚೀಟಿ ಕಟ್ಟಿ, ಯಾರ ತಪ್ಪನ್ನೂ ಬಿಟ್ಟವನಲ್ಲ. ಹೆಂಡತಿ ಇಂದಿರಾ ಅಂದಿದ್ದಳು, ಆಫ್ರಿಕಾಕ್ಕ ಹೋಗಿ ಆನಿ ಕಾಯೂದಕ್ಕಿಂತ ಮನ್ಯಾಗಿನ ನಳ ರಿಪೇರಿ ಮಾಡ್ರಿ, ಆರ್ ತಿಂಗ್ಳಿಂದ ಸೋರಾಕತ್ತೈತಿ. ಆನಿ ಕಾಯೂದಲ್ಲ ಮಾರಾಯ್ತಿ, ಆ ನೆಲ ದನಗಾಹಿಗಳದು, ಎಲ್ಲಿ ದನ ಮೇಯಬೇಕು ಎಲ್ಲಿ ಕಾಡುಪ್ರಾಣಿ ಮೇಯಬೇಕು ಅಂತ ಅವರೇ ಕೂತು ಮಾತಾಡಿ ನಡೆಸೋ ಕಾಡು, ನಾವು ಸ್ಯಾನ್ ಡಿಯಾಗೊದ ಸಂಸ್ಥೆಯವರು ಪ್ರಾಣಿ ಎಣಿಸಾಕ ಮರಕ್ಕೆ ಕ್ಯಾಮೆರಾ ಕಟ್ಟಿ ಕೊಡ್ತೀವಿ, ಅಷ್ಟ. ಹತ್ತು ವಾರ. ರಾಣೆಬೆನ್ನೂರಿನ ಹುಲ್ಲುಗಾವಲಲ್ಲಿ ಚಿಗರಿಗಳ ಹಿಂಡು ಒಮ್ಮೆಗೇ ನೆಗೆದಾಗ ಎದೆ ಝಲ್ ಎನ್ನುತ್ತಿತ್ತಲ್ಲ, ಆ ವಯಸ್ಸು ಮತ್ತೆ ಬಂತು, ಬೆಳಿಗ್ಗೆ ಎದ್ದರೆ ಡೇರೆಯ ಮುಂದೆ ಜಿರಾಫೆ, ಹಲ್ಲುಜ್ಜುತ್ತ ನಾನು, ಜಾಲಿಯ ತುದಿ ತಿನ್ನುತ್ತ ಅದು, ಇಬ್ಬರಿಗೂ ಅವಸರವಿಲ್ಲ.

ನಸಿಯೆಕು ನಕ್ಕಿದ್ದಳು. ಬಾವಿ ಕಾಯುವವಳು ಅವಳೇ, ಗಂಡ ತೀರಿಕೊಂಡ ಮೇಲೆ ಹಿರಿಯರು ಅವಳಿಗೆ ಕೊಟ್ಟ ಕೆಲಸ, ಒಬ್ಬ ಹೆಂಗಸಿಗೆ ಅಂಥ ಕೆಲಸ ಸಿಕ್ಕಿದ್ದು ಆ ಕಡೆ ಅದೇ ಮೊದಲು, ಏಳನೇ ಇಯತ್ತೆ ಓದಿದ ಇಂಗ್ಲಿಷು, ನಿನಗೆ ಎಷ್ಟು ಹಸು ಅಂತ ಕೇಳಿದಳು, ಒಂದೂ ಇಲ್ಲ ಎಂದೆ, ಒಂದೂ ಹಸು ಇಲ್ಲದವನಿಗೆ ಹೆಣ್ಣು ಕೊಟ್ಟ ಆ ಪುಣ್ಯಾತ್ಮ ಯಾರು, ಅವನ ಕಣ್ಣು ಸರಿ ಇತ್ತೇ? ಸುತ್ತ ಕೂತ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಸಂಜೆ ದನ ನೀರು ಕುಡಿದು ಹೋದ ಮೇಲೆ ಅವಳು ಬಾವಿಯ ಸುತ್ತ ಮುಳ್ಳುಕಂಟಿಯ ಬೇಲಿ ಸರಿ ಮಾಡುತ್ತಾಳೆ, ಪೂರ್ವಕ್ಕೆ ಒಂದು ಕಂಡಿ ಬಿಡುತ್ತಾಳೆ, ಕಂಡಿಯ ಒಳಗೆ ನೀರುಣಿಸುವ ಮರದ ದೋಣಿ, ದೋಣಿಯ ತುಂಬ ನೀರು, ಅದು ಆನೆಗಳ ಪಾಲು, ಪೂರ್ವದಲ್ಲಿ ನೆಲ ಗಟ್ಟಿ, ಪಶ್ಚಿಮದಲ್ಲಿ ಸಡಿಲ ಮರಳು, ಆನೆಗಳು ಗಟ್ಟಿ ನೆಲದಿಂದ ಬಂದು ಕುಡಿದು ಹೋಗುತ್ತವೆ, ಬಾವಿಯ ಅಂಚು ತುಳಿಯುವುದಿಲ್ಲ, ಅಜ್ಜಂದಿರ ಕಾಲದಿಂದ ಹೀಗೆಯೇ. ಇದೆಲ್ಲ ನನಗೆ ಆಮೇಲೆ ತಿಳಿದಿದ್ದು. ಆ ಸಂಜೆ ತಿಳಿದಿರಲಿಲ್ಲ. ಆ ಸಂಜೆ ಬಾವಿಯ ಹತ್ತಿರ ಹೋದವನು ನಾನೊಬ್ಬನೇ, ಮರದ ಕ್ಯಾಮೆರಾದ ಬ್ಯಾಟರಿ ಬದಲಿಸಿ ತಿರುಗಿದರೆ ಬೇಲಿಯಲ್ಲಿ ಕಂಡಿ — ನಮ್ಮಲ್ಲಿ ಅದು ರೂಢಿ, ದಾರಿಯಲ್ಲಿ ಹೋಗುವವನಿಗೆ ಬೇಲಿಯ ಕಂಡಿ ಕಣ್ಣಿಗೆ ಬಿದ್ದರೆ, ಹೊಲ ಯಾರದೇ ಇರಲಿ, ಬಗ್ಗಿ ಒಂದು ಕಂಟಿ ಎಳೆದು ಮುಚ್ಚಿಯೇ ಮುಂದೆ ಹೋಗಬೇಕು, ಮುಚ್ಚದೆ ಹೋದವನಿಗೆ ಊರೆಲ್ಲ ಬೈಗುಳ, ಕಣ್ಣಾಗ ಏನ್ ಮಣ್ ಬಿದ್ದಿತ್ತೇನೋ ನಿಂಗ ಅಂತ — ಕೈ ತಾನಾಗಿ ಹೋಯಿತು, ಏಳೆಂಟು ಕಂಟಿ ಎಳೆದೆ, ಅಂಗೈಗೆ ಮುಳ್ಳು ಚುಚ್ಚಿತು, ಕೊನೆಯ ದೊಡ್ಡ ಕೊಂಬೆಯನ್ನು ಗೂಟಕ್ಕೆ ಹಗ್ಗದಿಂದ ಬಿಗಿದು ಗಂಟು ಹಾಕಿದೆ, ಅಪ್ಪ ಕರು ಕಟ್ಟುವಾಗ ಹಾಕುತ್ತಿದ್ದ ಗಂಟು, ಎಳೆದಷ್ಟೂ ಬಿಗಿಯಾಗುವಂಥದು. ಪಾಪ ಈಕಿ ಮರ್ತಾಳ ಅಂದುಕೊಂಡೆ. ಖುಷಿಯಿಂದ, ಹೌದು, ಖುಷಿಯಿಂದ ಡೇರೆಗೆ ನಡೆದೆ.

ಎಕ್ಸಿಟ್ ಇನ್ನೂ ಹನ್ನೆರಡು ಮೈಲಿ ಅನ್ನುತ್ತಾಳೆ ಸಂಹಿತಾ, ಶಲ್ ವಿ ಸ್ಟಾಪ್ ಫಾರ್ ಕಾಫಿ? ಬ್ಯಾಡವ್ವ. ಅಲ್ಲಿ ಮರುದಿನ ಬೆಳಕು ಹರಿಯುವ ಹೊತ್ತು, ದಿಬ್ಬದ ಮೇಲೆ ನಸಿಯೆಕು, ಅವಳ ಹಿಂದೆ ನಾನು, ಅವಳು ಕೈ ಎತ್ತಿ ನಿಲ್ಲು ಅಂದಳು, ಕೆಳಗೆ ಏಳು ಆನೆ. ಎಲ್ಲ ಹೊರಗೆ ನಿಂತಿವೆ. ಮುದಿಯದು ಮಾತ್ರ ಮುಂದೆ ಬಂದು ಕಂಡಿ ಇದ್ದ ಜಾಗದಲ್ಲಿ ನಿಂತಿದೆ, ಉಳಿದವು ಅದರ ಬೆನ್ನ ಹಿಂದೆ ಕಿವಿ ಬೀಸುತ್ತ, ಒಂದು ಮರಿ ತಾಯಿಯ ಕಾಲ ಸಂದಿಯಲ್ಲಿ. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು, ನನ್ನ ಬೇಲಿ ಹಪ್ಪಳ. ಇಡಲಿಲ್ಲ. ಸೊಂಡಿಲು ಚಾಚಿ ಒಂದು ಕಂಟಿಯ ಬುಡ ಹುಡುಕಿತು, ಮುಳ್ಳಿಲ್ಲದ ಕಡೆ ಹಿಡಿಯಿತು, ಎತ್ತಿ, ಬದಿಗಿಟ್ಟಿತು. ಎಸೆಯಲಿಲ್ಲ, ಇಟ್ಟಿತು. ಇನ್ನೊಂದು. ಮತ್ತೊಂದು. ಅರವತ್ತು ವರ್ಷದ ಬದುಕಿನಲ್ಲಿ ಮನುಷ್ಯರು ಮತ್ತೊಬ್ಬರ ಬೇಲಿಯನ್ನು ಅಷ್ಟು ಮರ್ಯಾದೆಯಿಂದ ತೆಗೆದಿದ್ದನ್ನು ನಾನು ನೋಡಿಲ್ಲ, ಕೊನೆಗೆ ನಾನು ಕಟ್ಟಿದ ಕೊಂಬೆ ಉಳಿಯಿತು, ಎಳೆಯಿತು, ಬರಲಿಲ್ಲ, ಮತ್ತೆ ಎಳೆಯಿತು, ಗಂಟು ಬಿಗಿಯಿತು, ಆಗ ಸೊಂಡಿಲ ತುದಿ ಹಗ್ಗದಗುಂಟ ನಿಧಾನ ಬಂದು ಗಂಟಿನ ಮೇಲೆ ನಿಂತಿತು, ನಮ್ಮ ಕಡೆಯ ಆನೆಗೆ ಸೊಂಡಿಲ ತುದಿಯಲ್ಲಿ ಒಂದೇ ಬೆರಳು, ಅಲ್ಲಿಯದಕ್ಕೆ ಎರಡು, ಆ ಎರಡು ಬೆರಳು ಗಂಟನ್ನು ಮುಟ್ಟಿ, ಬಿಟ್ಟು, ಮುಟ್ಟಿ — ಕಟ್ಟಿದವನ ಕೈಯ ಬೆವರು ಅದರಲ್ಲಿ ಇದ್ದೇ ಇರುತ್ತದೆ, ಮೂಸಿತು, ನನ್ನನ್ನು ಮೂಸಿತು. ಅಷ್ಟರಲ್ಲಿ ನೀರಡಿಸಿದ ಎರಡು ಎಳೆಯ ಆನೆಗಳು ತಡೆಯಲಾರದೆ ಪಶ್ಚಿಮಕ್ಕೆ ಸುತ್ತು ಹಾಕಿದವು, ಸಡಿಲ ಮರಳು, ಅಂಚು ಸರಿಯಿತು, ಸಪ್ಪಳವೂ ಆಗಲಿಲ್ಲ, ಧೂಳೆದ್ದಿತು ಅಷ್ಟೆ, ಆನೆಗಳು ಹಿಂದೆ ಸರಿದುಕೊಂಡವು, ಬಾವಿ ಇರಲಿಲ್ಲ. ಮೂರಾಳು ಆಳ ಮುಚ್ಚಿಹೋಗಿತ್ತು. ನಸಿಯೆಕು ದಿಬ್ಬದ ಮೇಲೆ ಕುಸಿದು ಕೂತಳು.

ಅಂದು ಮಧ್ಯಾಹ್ನ ಮರದ ಕೆಳಗೆ ಹಿರಿಯರು ಕೂತರು. ಮಳೆ ಬರುವವರೆಗೆ ಆ ಮನೆತನದ ದನ ಏಳು ಮೈಲಿ ಆಚೆಯ ಬಾವಿಗೆ ನಡೆಯಬೇಕು. ಲೆಮಾರ್ತಿ, ಅವರಲ್ಲಿ ಎಲ್ಲರಿಗಿಂತ ಹಿರಿಯ, ಕೇಳಿದ, ಕಂಡಿ ಮುಚ್ಚಿದವರು ಯಾರು? ಹಗ್ಗ ನಡುವೆ ಬಿದ್ದಿತ್ತು, ಡೇರೆಯ ಹಗ್ಗ, ಅಂಥ ಹಗ್ಗ ಯಾರ ಹತ್ತಿರ ಬೇಕಾದರೂ ಇರಬಹುದು. ನಸಿಯೆಕು ನನ್ನ ಅಂಗೈ ನೋಡಿದಳು. ಮುಳ್ಳು ಚುಚ್ಚಿದ ಗಾಯ. ಅವಳಿಗೆ ಗೊತ್ತಾಯಿತು, ಅವಳಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು, ಬಾಯಿ ತೆರೆದೆ, ಅವಳು ಕಣ್ಣು ಬೇರೆ ಕಡೆ ತಿರುಗಿಸಿಬಿಟ್ಟಳು. ತಮ್ಮ ಒಲೆಯ ಹಾಲು ಕುಡಿದ ಅತಿಥಿಯ ಹೆಸರನ್ನು ಸಭೆಯಲ್ಲಿ ಅವರು ಹೇಳುವುದಿಲ್ಲ, ನಮ್ಮಲ್ಲೂ ಹಾಗೇ, ನಮ್ಮ ಅನ್ನ ಉಂಡವನ ಮೇಲೆ ಆಪಾದನೆ ಹೊರಿಸುವುದುಂಟೇ. ಅತಿಥಿ ತಾನೇ ಹೇಳಬೇಕು. ಅತಿಥಿ ಸುಮ್ಮನಿದ್ದ. ಬೇಲಿ ಅವಳದು, ತಪ್ಪೂ ಅವಳದೇ ಆಯಿತು, ಕೆಲಸ ಅವಳಿಂದ ಹೋಯಿತು. ಮರುದಿನ ಅವಳು ನನ್ನ ಡೇರೆಯ ಮುಂದೆ ಹಾಲಿನ ಸೋರೆಬುರುಡೆ ಇಟ್ಟು ಹೋದಳು, ದಿನದ ಹಾಗೆ, ನಾನು ಹಾಲು ಕುಡಿದೆ. ಕುಡಿದೆ ನಾನು. ಎಂಥಾ ಗಂಟಲೋ ನಂದು.

ಆಮೇಲಾದರೂ ಹೇಳಬಹುದಿತ್ತು. ಮರುವರ್ಷ ಆ ಮರದ ಕ್ಯಾಮೆರಾಗಳ ಚಿತ್ರಗಳು ಸ್ಯಾನ್ ಡಿಯಾಗೊಕ್ಕೆ ಬಂದವು, ವಿಂಗಡಿಸುವುದು ನಮ್ಮ ಕೆಲಸ, ಜಿರಾಫೆ, ಜೀಬ್ರಾ, ಆನೆ, ದನ, ಮನುಷ್ಯ, ಏನೂ ಇಲ್ಲದಿದ್ದರೆ ಖಾಲಿ, ಖಾಲಿ ಅಂತ ಒತ್ತಿದರೆ ಚಿತ್ರ ಹಿಂದೆ ಸರಿಯುತ್ತದೆ, ಮತ್ತೆ ಯಾರೂ ನೋಡುವುದಿಲ್ಲ. ಹುಲ್ಲು ಗಾಳಿಗೆ ಅಲುಗಿದರೂ ಕ್ಯಾಮೆರಾ ತಾನೇ ಚಿತ್ರ ಹೊಡೆಯುತ್ತದೆ, ನೂರಕ್ಕೆ ಎಂಬತ್ತು ಖಾಲಿ. ಆ ಜಾಗ ಕಂಡವರು ನೀವು, ನೀವೇ ನೋಡಿ ರುದ್ರಪ್ಪ, ಅಂದಳು ಕ್ಯಾರಲ್, ಇದನ್ನೆಲ್ಲ ನಡೆಸುವವಳು, ಹದಿನೆಂಟರ ಮಾರ್ಚ್, ಮನೆಯ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್, ಇಂದಿರಾ ಹೀರೇಕಾಯಿ ಹೆಚ್ಚುತ್ತಿದ್ದಾಳೆ, ಒಂದಾದ ಮೇಲೊಂದು ಖಾಲಿ, ಖಾಲಿ, ಜೀಬ್ರಾ, ಖಾಲಿ, ಆಮೇಲೆ ನಾನು. ನನ್ನ ಬೆನ್ನು. ಬಗ್ಗಿ ಕಂಟಿ ಎಳೆಯುತ್ತಿದ್ದೇನೆ, ತಲೆಯ ಮೇಲೆ ಹಳದಿ ಟೋಪಿ. ಏನ್ರೀ ಅದು, ಅಷ್ಟ್ಯಾಕ ದಿಟ್ಟಿಸಿ ನೋಡಾಕತ್ತೀರಿ, ಹುಲಿ ಬಂತೇನು? ಆಫ್ರಿಕಾದಾಗ ಹುಲಿ ಇಲ್ಲ ಬಿಡ, ಅಂದೆ, ಒತ್ತಿದೆ. ಖಾಲಿ. ಇಪ್ಪತ್ತೆಂಟು ವರ್ಷ ಕೆಂಪು ಚೀಟಿ ಕಟ್ಟಿದ ಬೆರಳೇ ಒತ್ತಿತು. ಅದರ ಮುಂದಿನ ಚಿತ್ರದಲ್ಲಿ ಬೆಳಗಿನ ಬೆಳಕು, ಮುದಿ ಆನೆ, ಗಂಟಿನ ಮೇಲೆ ಸೊಂಡಿಲ ತುದಿ, ಆನೆ ಅಂತ ಒತ್ತಿದೆ, ಅದು ನಿಜ, ಅದೊಂದೇ ನಿಜ, ಕ್ಯಾರಲ್ ಆ ಚಿತ್ರವನ್ನು ದೊಡ್ಡದು ಮಾಡಿ ಕಚೇರಿಯ ಗೋಡೆಗೆ ಹಾಕಿದ್ದಾಳೆ, ಹೋದಾಗೆಲ್ಲ ಅದರ ಕೆಳಗೇ ಕೂರುತ್ತೇನೆ. ಈಗ ಅಲ್ಲಿ ಹೊಸ ಬಾವಿ ಆಗಿದೆ, ಕಾಯಲು ಯಾರು ಎಂದು ಇವತ್ತು ತೀರ್ಮಾನ, ನಸಿಯೆಕು ಮತ್ತೆ ಕೇಳಿದ್ದಾಳೆ, ಕಂಡಿ ಮುಚ್ಚಿದವಳಿಗೆ ಹ್ಯಾಗೆ ಕೊಡುವುದು ಅನ್ನುತ್ತಾರೆ ಕೆಲವರು. ಹೇಳಿದರೆ ಅವಳಿಗೆ ಬಾವಿ. ಹೇಳಿದರೆ ನನಗೆ ಫೆಬ್ರವರಿಯಲ್ಲಿ ಮತ್ತೆ ಅಲ್ಲಿಗೆ ಹೋಗುವ ಪ್ರಯಾಣ ಇಲ್ಲ, ಸುಳ್ಳು ಗುರುತು ಹಾಕಿದವರನ್ನು ಮತ್ತೆ ಕಳಿಸುವುದಿಲ್ಲ, ನಿಯಮ, ಆ ಹಾಡು ಇನ್ನು ಕೇಳುವಂತಿಲ್ಲ, ಆ ಹೊಳೆ, ಆ ಸಪ್ಪಳವಿಲ್ಲದ ನಡಿಗೆ, ಅರವತ್ತೆರಡನೇ ವಯಸ್ಸಿಗೆ ಇನ್ನೆಲ್ಲಿಂದ ತರಲಿ ಅಂಥದ್ದನ್ನು.

ಕಾರು ನಿಂತಿದೆ, ನಾವು ಒಳಗೆ ಬಂದಿದ್ದೇವೆ, ಹತ್ತಿಪ್ಪತ್ತು ಕುರ್ಚಿ, ಕಾಫಿಯ ವಾಸನೆ, ಸಂಹಿತಾ ಪಕ್ಕದಲ್ಲಿ, ಗೋಡೆಯ ಆನೆ ನೋಡಿ, ವಾವ್, ಅಪ್ಪಾ, ಇಸ್ ಷಿ ದ ಒನ್? ಹೂಂ, ಅಕಿನ ಅದು. ಪರದೆಯ ಮೇಲೆ ಸಂಜೆ, ಲೆಮಾರ್ತಿಯ ಕೆಂಪು ಹೊದಿಕೆ, ಅಂಚಿನಲ್ಲಿ ನೆಲದ ಮೇಲೆ ಕೂತ ನಸಿಯೆಕು, ತೆಳ್ಳಗಾಗಿದ್ದಾಳೆ, ತಲೆ ಬಗ್ಗಿಸಿದ್ದಾಳೆ, ಲೆಮಾರ್ತಿ ಏನೋ ಕೇಳುತ್ತಾನೆ, ಅವರ ಆಫೀಸಿನವನು ಇಂಗ್ಲಿಷಿಗೆ ತಿರುಗಿಸುತ್ತಾನೆ, ಆ ಸಂಜೆಯ ಚಿತ್ರ ಏನಾದರೂ ನಿಮ್ಮಲ್ಲಿದೆಯೇ, ಕ್ಯಾರಲ್ ಅನ್ನುತ್ತಾಳೆ, ಇಲ್ಲ, ಎಲ್ಲ ಖಾಲಿ, ನಮ್ಮ ರುದ್ರಪ್ಪನೇ ನೋಡಿದ್ದು, ಅವನ ಕಣ್ಣು ತಪ್ಪುವುದಿಲ್ಲ. ಲೆಮಾರ್ತಿ ತಲೆಯಾಡಿಸುತ್ತಾನೆ, ಮುಗಿಯಿತು ಎಂಬಂತೆ, ಅವಳ ತಲೆ ಇನ್ನಷ್ಟು ಬಗ್ಗುತ್ತದೆ, ಕುರ್ಚಿ ಸದ್ದು ಮಾಡುತ್ತದೆ, ಯಾರ ಕುರ್ಚಿ, ನನ್ನದೇ, ನಾನು ಎದ್ದಿದ್ದೇನೆ, ಒಂದು ಚಿತ್ರ ಖಾಲಿ ಅಲ್ಲ, ಅದರಲ್ಲಿ ನಾನಿದ್ದೇನೆ, ಕಂಡಿ ಮುಚ್ಚಿದವನು ನಾನು, ಗಂಟು ನನ್ನದು, ಖಾಲಿ ಅಂತ ಒತ್ತಿದವನೂ ನಾನೇ. ಅಪ್ಪಾ? ಅನ್ನುತ್ತಾಳೆ ಸಂಹಿತಾ, ಕೈ ಹಿಡಿದಳೋ ಬಿಟ್ಟಳೋ ತಿಳಿಯುವುದಿಲ್ಲ, ಕ್ಯಾರಲ್‌ಳ ಬಾಯಿ ತೆರೆದೇ ಇದೆ, ಆಫೀಸಿನವನು ಇನ್ನೂ ತಿರುಗಿಸಿ ಹೇಳಿಲ್ಲ, ಹಿರಿಯರಿಗೆ ಇನ್ನೂ ಮುಟ್ಟಿಲ್ಲ, ನಸಿಯೆಕುಗೆ ಮುಟ್ಟಿದೆ, ಏಳನೇ ಇಯತ್ತೆಯ ಇಂಗ್ಲಿಷಿನ ಅವಳೊಬ್ಬಳಿಗೆ, ಅವಳು ತಲೆ ಎತ್ತಿದ್ದಾಳೆ, ನೆಲಕ್ಕೆ ಕೈ ಊರಿ ಏಳುತ್ತಿದ್ದಾಳೆ, ನನ್ನನ್ನೇ ನೋಡುತ್ತ, ಅಂಗೈಯಲ್ಲಿ ಬೆವರು, ಯಾರೂ ಅಲುಗುತ್ತಿಲ್ಲ, ಬೆಳಕು ಹರಿಯುತ್ತಿದೆ, ಕಂಟಿಗಳೆಲ್ಲ ಬದಿಗಿವೆ, ಒಂದೇ ಉಳಿದಿದೆ, ಹಗ್ಗದಗುಂಟ ಬರುತ್ತಿದೆ, ನಿಧಾನ, ಎರಡು ಬೆರಳು, ಗಂಟಿನ ಮೇಲೆ, ಮುಟ್ಟಿ, ಬಿಟ್ಟು, ಮುಟ್ಟಿ, ಸೊಂಡಿಲ ತುದಿ, ಗಂಟಿನ ಮೇಲೆ —